ಜೈಪುರದ ರಫ್ ಅಂಗಡಿಯಲ್ಲಿ ತಗೊಂಡ ಅಲೆಕ್ಸಾಂಡ್ರೈಟ್: ಕಲ್ಲು ಹೆಂಗಿದೆ, ಅಂಗಡಿ ಹೆಂಗಿದೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿರೋದು ಪ್ಯಾಕಿಂಗಿಗೆ, ಕಲ್ಲಿಗಲ್ಲ. ಅಂಗಡಿ ಇರೋದು ಜೈಪುರದ ಗೋಪಾಲ್‌ಜೀ ಕಾ ರಾಸ್ತಾದಲ್ಲಿ, ಜೋಹರಿ ಬಜಾರ್ ಕಡೆಯಿಂದ ಒಳಗೆ ಹೋಗೋ ಗಲ್ಲಿ, ಅಲ್ಲಿ ರೋಡಲ್ಲೇ ನಿಂತ್ಕೊಂಡು ಪೇಪರ್ ಪೊಟ್ಟಣ ಬಿಚ್ಚಿ ಕಲ್ಲು ತೋರ್ಸೋರು ಸಿಗ್ತಾರೆ, ಅವರನ್ನೆಲ್ಲ ದಾಟಿ ಕಿರಿದಾದ ಮೆಟ್ಟಿಲು ಹತ್ತಿದ್ರೆ ಮೇಲೆ ಎರಡು ಟೇಬಲ್ ಹಾಕೋವಷ್ಟು ಜಾಗ. ಬೋರ್ಡಿಲ್ಲ, ವೆಬ್‌ಸೈಟಿಲ್ಲ, ಅವರಿಗೆ ಪಬ್ಲಿಸಿಟಿ ಬೇಕೂ ಇಲ್ಲ, ಅದಕ್ಕೇ ಹೆಸರು ಹಾಕ್ತಿಲ್ಲ. ಕಟ್ ಆದ ಕಲ್ಲು ಕಮ್ಮಿ, ಪೂರ್ತಿ ರಫ್, ಅಂದ್ರೆ ಇನ್ನೂ ಕಟ್ ಮಾಡದ ಕಚ್ಚಾ ಕಲ್ಲಿನ ವ್ಯಾಪಾರ. ನಾನು ಹೋಗಿದ್ದು ಅಲೆಕ್ಸಾಂಡ್ರೈಟ್ ನೋಡೋಕೆ ಅಂತಾನೇ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ, ಗೊತ್ತಿರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ನಮ್ಮಲ್ಲಿ ಕೇತುಗೆ ಅಂತ ಉಂಗುರದಲ್ಲಿ ಹಾಕ್ಕೋತಾರಲ್ಲ ವೈಡೂರ್ಯ, ಒಳ್ಳೇ ಜಾತಿದಾದ್ರೆ ಅದು ಕ್ರೈಸೋಬೆರಿಲ್, ಅಂದ್ರೆ ಬೆರಿಲಿಯಂ ಅಲ್ಯೂಮಿನಿಯಂ ಆಕ್ಸೈಡು. ಅದೇ ಕ್ರೈಸೋಬೆರಿಲ್ ಬೆಳೆಯೋವಾಗ ಅಲ್ಯೂಮಿನಿಯಂ ಜಾಗಕ್ಕೆ ಒಂಚೂರು ಕ್ರೋಮಿಯಂ ಬಂದು ಕೂತ್ರೆ ಅಲೆಕ್ಸಾಂಡ್ರೈಟು, ಹಗಲಲ್ಲಿ ಹಸಿರು, ದೀಪದಲ್ಲಿ ಕೆಂಪು. ಒಂಚೂರು ಕ್ರೋಮಿಯಂ ತಾನೇ, ಅದರಲ್ಲೇನಪ್ಪ ಅಪರೂಪ ಅಂದ್ರೆ, ಬೆರಿಲಿಯಂ ಇರೋದು ಗ್ರಾನೈಟ್, ಪೆಗ್ಮಟೈಟ್ ಥರದ ಬಂಡೆಗಳ ಕಡೆ, ಕ್ರೋಮಿಯಂ ಇರೋದು ಅಲ್ಟ್ರಾಮಾಫಿಕ್ ಅನ್ನೋ ಕಪ್ಪು ಬಂಡೆಗಳ ಕಡೆ, ಎರಡೂ ಒಟ್ಟಿಗೆ ಬರೋದೇ ಕಷ್ಟ, ಬಂದ್ರೂ ಅಲ್ಲಿ ಸಿಲಿಕಾ ಸಾಕಷ್ಟು ಇದ್ರೆ ಬೆರಿಲಿಯಂ ಎಲ್ಲ ಪಚ್ಚೆ ಆಗೋಗತ್ತೆ, ಸಿಲಿಕಾ ಕಮ್ಮಿ ಬಿದ್ದ ಕಡೆ ಮಾತ್ರ ಇದು. ಅದಕ್ಕೇ ಇದು ಮೊದಲು ಸಿಕ್ಕಿದ್ದೂ ಪಚ್ಚೆ ಗಣಿಯಲ್ಲೇ, 1830ರ ದಶಕದಲ್ಲಿ, ರಷ್ಯಾದ ಉರಲ್ ಬೆಟ್ಟಗಳಲ್ಲಿ ಯೆಕಟೆರಿನ್‌ಬರ್ಗ್ ಹತ್ರ ಟೊಕೊವಾಯಾ ನದಿ ಪಕ್ಕ. ಆಗಿನ ಯುವರಾಜ, ಮುಂದೆ ಎರಡನೇ ಅಲೆಕ್ಸಾಂಡರ್ ಝಾರ್ ಆದೋನು, ಅವನ ಹೆಸರಿಟ್ಟ್ರು. ಆಮೇಲೆ ಶ್ರೀಲಂಕಾ, ಜಿಂಬಾಬ್ವೆ, ಟಾಂಜಾನಿಯಾ, 1987ರಲ್ಲಿ ಬ್ರೆಜಿಲ್‌ನ ಹೆಮಟೀಟಾ, ನಮ್ಮ ದೇಶದಲ್ಲಿ ಆಂಧ್ರದ ನರಸೀಪಟ್ಣಂ ಕಡೆ, ಒಡಿಶಾ, ಛತ್ತೀಸ್‌ಗಢದ ದೇವಭೋಗ್, ಕೇರಳ. ಒಳ್ಳೇ ಬಣ್ಣ ಬದಲಾಗೋ ಕ್ಲೀನ್ ಕಲ್ಲು ಕಟ್ ಆಗಿ ಬಂದ್ರೆ ಕ್ಯಾರೆಟ್ಟಿಗೆ ಲಕ್ಷಗಳ ಲೆಕ್ಕ, ಅಂಥದ್ದು ಕೊಳ್ಳೋ ಗಿರಾಕಿ ನಾನಲ್ಲ.

ಈಗ ಅಂಗಡಿ ವಿಷ್ಯ. ನಂಗೆ ಇಷ್ಟ ಆಗಿದ್ದು ಒಂದೇ ಒಂದು. ಟೇಬಲ್ ಮೇಲೆ ಮೂರು ಡೆಸಿಮಲ್ ಗ್ರಾಂ ಸ್ಕೇಲ್ ಇಟ್ಟಿದಾರೆ, ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರು, ನೈಲಾನ್ ದಾರ. ಬಾಕಿ ಕಡೆ ಎಲ್ಲ ಅಲೆಕ್ಸಾಂಡ್ರೈಟ್ ಅಂದ ಕೂಡ್ಲೆ ಟಾರ್ಚ್ ಎತ್ಕೊಂಡು ಹಳದಿ ಲೈಟು ಬಿಳಿ ಲೈಟು ಅಂತ ಮ್ಯಾಜಿಕ್ ಶೋ ಶುರು ಮಾಡ್ತಾರೆ, ಇವರು ಮಾತ್ರ ಕಲ್ಲನ್ನ ಮುಂದಕ್ಕೆ ತಳ್ಳಿ ಮೊದಲು ತೂಕ ನೋಡಿ ಸಾರ್, ಬಣ್ಣ ಆಮೇಲೆ ಅಂದ್ರು. ಅಲ್ಲೇ ಅರ್ಧ ನಂಬಿಕೆ ಬಂತು. ಯಾಕಂದ್ರೆ ರಫ್ ಅಲೆಕ್ಸಾಂಡ್ರೈಟ್ ಗುರ್ತು ಹಿಡಿಯೋದ್ರಲ್ಲಿ ಬಣ್ಣ ಬದಲಾಗೋದು ಅತ್ಯಂತ ಕಮ್ಮಿ ಕೆಲಸಕ್ಕೆ ಬರೋ ಸಾಕ್ಷಿ, ನಕಲಿ ಮಾಡೋರೆಲ್ಲ ಮೊದಲು ಅದನ್ನೇ ನಕಲು ಮಾಡಿರ್ತಾರೆ.

ನಾನು ತಗೊಂಡಿದ್ದು ಎರಡು ತುಂಡು. ಒಂದು ಮೈಕಾ ಅಂಟಿರೋ ಹರಳು, ಆರ್ಪಾರ್ ಕಾಣಲ್ಲ, ಕಟಿಂಗಿಗೆ ಬರಲ್ಲ, ಶೋಕೇಸಿಗೆ ಅಷ್ಟೇ. ಇನ್ನೊಂದು ನೀರಲ್ಲಿ ಉರುಳಿ ನುಣ್ಣಗಾಗಿರೋ ಗುಂಡುಕಲ್ಲು, 1.862 ಗ್ರಾಂ, ಅಂದ್ರೆ ಒಂಬತ್ತು ಕ್ಯಾರೆಟ್ ಮೇಲೆ, ಒಳಗೆ ಬಿರುಕಿದೆ ಆದ್ರೆ ಅಂಚಲ್ಲಿ ಬೆಳಕು ಹಾಯತ್ತೆ. ಜೊತೆಗೆ ಜೇನು ಬಣ್ಣದ ಸಾದಾ ಕ್ರೈಸೋಬೆರಿಲ್ ಚೂರೊಂದು ಫ್ರೀ ಕೊಟ್ಟ್ರು, ಹೋಲಿಸಿ ನೋಡೋಕೆ. ಎರಡೂ ಆಂಧ್ರದ್ದು ಅಂದ್ರು. ಇರಬಹುದು, ಆದ್ರೆ ಊರು ಯಾವ್ದು ಅಂತ ಕಣ್ಣಲ್ಲಿ, ಲೆನ್ಸಲ್ಲಿ ನೋಡಿ ಹೇಳೋಕಾಗಲ್ಲ, ಬಿಲ್ಲಲ್ಲೂ ಇಂಡಿಯಾ ಅಂತಷ್ಟೇ ಬರೆಸ್ಕೊಂಡೆ.

ಮೈಕಾ ಅಂಟಿರೋದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ರಫಲ್ಲಿ ಮಾತ್ರ ಸಿಗೋ ಸುಳಿವು ಇರೋದು ಇದರಲ್ಲಿ, ಕಟ್ ಮಾಡಿದ್ಮೇಲೆ ಎಲ್ಲ ಹೋಗ್ಬಿಡತ್ತೆ. ಕ್ರೈಸೋಬೆರಿಲ್ ಅಸಲು ಆರು ಮೂಲೆಯ ಹರಳಲ್ಲ, ಆರ್ಥೋರಾಂಬಿಕ್ ಜಾತಿ, ಅಂದ್ರೆ ಒಳಗಿನ ಚೌಕಟ್ಟು ಇಟ್ಟಿಗೆ ಆಕಾರದ್ದು, ಆದ್ರೆ ಮೂರು ಹರಳು ಒಂದ್ರೊಳಗೊಂದು ಹೊಕ್ಕು ಅವಳಿ ಥರ ಬೆಳೆದು ಆರು ಮೂಲೆ ಇರೋ ಚಕ್ರದ ಹಾಗೆ ಕಾಣತ್ತೆ, ಟ್ರಿಲಿಂಗ್ ಅಂತಾರೆ. ನಮ್ಮ ಕರ್ನಾಟಕದ ಕುರಂದ (ಕೊರಂಡಮ್, ಮಾಣಿಕ್ಯ, ನೀಲ ಎಲ್ಲ ಇದೇ ಜಾತಿ), ಮೈಸೂರು ಸ್ಟಾರ್ ರೂಬಿ ಅಂತ ಮಾರೋ ಆ ಮಬ್ಬು ಕೆಂಪು ಹರಳುಗಳನ್ನ ಕೈಯಲ್ಲಿ ಹಿಡಿದು ಅಭ್ಯಾಸ ಇರೋರು ಇದನ್ನ ನೋಡಿದ ತಕ್ಷಣ ಕುರಂದ ಅಂದ್ಬಿಡ್ತಾರೆ, ಆರು ಮೂಲೆ ಇದೆ, ಗಟ್ಟಿ ಇದೆ, ಭಾರ ಇದೆ, ಇನ್ನೇನು. ವ್ಯತ್ಯಾಸ ಎಲ್ಲಿ ಅಂದ್ರೆ ಟ್ರಿಲಿಂಗಲ್ಲಿ ಎರಡೆರಡು ಹರಳು ಸೇರೋ ಕಡೆ ಅಂಚಲ್ಲಿ ಒಳಕ್ಕೆ ಹೋದ ವಿ ಆಕಾರದ ಕಚ್ಚು ಇರತ್ತೆ, ಉಗುರಿಟ್ಟ್ರೆ ಸಿಗತ್ತೆ, ಮತ್ತೆ ಚಪ್ಪಟೆ ಮುಖದ ಮೇಲೆ ಸಣ್ಣ ಗೆರೆಗಳು ಬೇರೆ ಬೇರೆ ದಿಕ್ಕಿಂದ ಬಂದು ಬಾಣದ ತುದಿ ಥರ ಒಂದಕ್ಕೊಂದು ಕೂಡತ್ತೆ. ಕುರಂದದ ಚಪ್ಪಟೆ ಮುಖದಲ್ಲಿ ಸಿಗೋದು ತ್ರಿಕೋನದ ಗುರುತು, ಅಂಚು ಒಳಕ್ಕೆ ಹೋಗಲ್ಲ, ಪೀಪಾಯಿ ಥರ ಹೊಟ್ಟೆ ಉಬ್ಬಿರತ್ತೆ. ನಂಗೆ ಸಿಕ್ಕಿದ್ದು ಪೂರ್ತಿ ಚಕ್ರ ಅಲ್ಲ, ಮುರಿದ ಮುಕ್ಕಾಲು ಭಾಗ, ಆದ್ರೂ ಎರಡು ಕಚ್ಚು ಸರಿಯಾಗಿ ಉಳ್ಕೊಂಡಿದೆ, ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಲೂಪ್ ಲೆನ್ಸಲ್ಲಿ ಗೆರೆ ಕೂಡೋ ಜಾಗ ಕ್ಲಿಯರಾಗಿ ಕಾಣತ್ತೆ, ಸಂದಿಯಲ್ಲಿ ಕಂದು ಬಣ್ಣದ ಮೈಕಾ ಪದರ ಪದರವಾಗಿ ಕೂತಿದೆ. ಪಕ್ಕದ ಬಂಡೆ ಅಂಟಿರೋದೇ ಒಂದು ಜಾತಕ, ಯಾರೋ ಗಮ್ ಹಾಕಿ ಅಂಟಿಸಿರೋದಾ ಅಂತ ಸೂಜಿ ಬಿಸಿ ಮಾಡಿ ಮೂಲೇಲಿ ಮುಟ್ಟಿಸಿ ವಾಸನೆ ನೋಡಿದೆ, ಪ್ಲಾಸ್ಟಿಕ್ ವಾಸನೆ ಬರ್ಲಿಲ್ಲ. ಇಂಥದ್ದಕ್ಕೆಲ್ಲ ಅಂಗಡಿಯೋರು ಮುಖ ಸಿಂಡರಿಸ್ಲಿಲ್ಲ, ಅದಕ್ಕೂ ಮಾರ್ಕ್ಸ್ ಇದೆ.

ಗುಂಡುಕಲ್ಲಿಗೆ ಇಂಥ ಯಾವ ಮುಖಾನೂ ಇಲ್ಲ, ಎಲ್ಲ ಸವೆದು ಮರಳು ಗಾಜಿನ ಹಾಗಾಗಿದೆ, ಕಲ್ಲೊಳಗೆ ಬೆಳಕು ಎಷ್ಟು ಬಾಗತ್ತೆ ಅಂತ ಅಳೆಯೋ ರಿಫ್ರಾಕ್ಟೋಮೀಟರ್ ಮೇಲೆ ಇಡೋಣ ಅಂದ್ರೆ ಪಾಲಿಶ್ ಆದ ಸಪಾಟು ಜಾಗ ಬೇಕು, ರಫಿಗೆ ಅದು ಎಲ್ಲಿಂದ ಬರ್ಬೇಕು. ಅದಕ್ಕೆ ನೀರಿನ ತೂಕ. ವಿಧಾನ ಸಿಂಪಲ್ಲು, ಲೋಟದಲ್ಲಿ ನೀರಿಟ್ಟು ಸ್ಕೇಲನ್ನ ಸೊನ್ನೆ ಮಾಡಿ, ಕಲ್ಲನ್ನ ದಾರಕ್ಕೆ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿದ್ರೆ ಸ್ಕೇಲ್ ತೋರ್ಸೋ ನಂಬರೇ ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಂದು 0.499 ಬಂತು. 1.862 ಭಾಗಿಸು 0.499 ಅಂದ್ರೆ 3.73, ಇದೇ ಸಾಂದ್ರತೆ, ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದು. ಕ್ರೈಸೋಬೆರಿಲ್ ಪುಸ್ತಕದಲ್ಲಿ ಇರೋದೂ 3.73, ಹೆಚ್ಚುಕಮ್ಮಿ 3.70ರಿಂದ 3.78. ಕುರಂದ ಆಗಿದ್ರೆ 4.00 ಬರ್ಬೇಕು, ಸ್ಪಿನಲ್ ಆದ್ರೆ 3.6ರ ಆಸುಪಾಸು, ಫ್ಲೋರೈಟ್ 3.18, ಸ್ಫಟಿಕ ಜಾತಿ ಎಲ್ಲ 2.65. ಇಷ್ಟು ದೂರ ದೂರ ಇರೋದ್ರಿಂದ ಕನ್ಫ್ಯೂಷನ್ನೇ ಇಲ್ಲ, ಆದ್ರೆ ನೆನಪಿರ್ಲಿ, ಎರಡು ಡೆಸಿಮಲ್ ಇರೋ ಅಡುಗೆಮನೆ ಸ್ಕೇಲಲ್ಲಿ ಇಷ್ಟು ಸಣ್ಣ ಕಲ್ಲು ತೂಗಿದ್ರೆ 3.65ರಿಂದ 3.80ರವರೆಗೆ ಏನು ಬೇಕಾದ್ರೂ ಬರತ್ತೆ, ಅದು ಪರೀಕ್ಷೆ ಅಲ್ಲ. ಕಲ್ಲಿನ ಮೇಲೆ ಗಾಳಿಗುಳ್ಳೆ ಅಂಟಿದ್ರೂ ಲೆಕ್ಕ ಕೆಡತ್ತೆ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು ನೀರಿಗೆ ಹಾಕಿದ್ರೆ ಗುಳ್ಳೆ ಬಿಡತ್ತೆ. ಮೈಕಾ ಇರೋ ತುಂಡು ಹೀಗೆ ತೂಗಿದ್ರೆ 3.5 ಚಿಲ್ಲರೆ ಬಂತು, ಅದು ಕಲ್ಲಿನ ತಪ್ಪಲ್ಲ, ಮೈಕಾ ಹಗುರ, ಎಲ್ಲ ಸೇರಿ ಸರಾಸರಿ ತೋರಿಸ್ತಿದೆ, ಅಂಟಿರೋದನ್ನ ಕಿತ್ತು ಹಾಕಿ ತೂಗಿ ಅಂತ ಕೆಲವರು ಹೇಳ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಆ ತುಂಡಿಗೆ ಬೆಲೆ ಇರೋದೇ ಅದರಿಂದ.

ಫ್ರೀ ಸಿಕ್ಕಿದ ಜೇನು ಬಣ್ಣದ ಚೂರೂ 3.7ರ ಸುತ್ತಾನೇ ಬಂತು, ಬರ್ಲೇಬೇಕು, ಅದೂ ಕ್ರೈಸೋಬೆರಿಲ್ಲೇ. ಹಂಗಾಗಿ ಕ್ರಮ ಹೀಗೆ, ತೂಕದಿಂದ ಕುಲ ಗೊತ್ತಾಗತ್ತೆ, ಆಮೇಲೆ ಅದರೊಳಗೆ ಅಲೆಕ್ಸಾಂಡ್ರೈಟಾ ಅಲ್ವಾ ಅಂತ ಬಣ್ಣ ಹೇಳತ್ತೆ. ಉಲ್ಟಾ ಮಾಡಿದ್ರೆ, ಅಂದ್ರೆ ಬಣ್ಣದಿಂದ ಶುರು ಮಾಡಿದ್ರೆ, ಗಾಜಿನ ತುಂಡೂ ಪಾಸಾಗತ್ತೆ. ನಿಯೋಡಿಮಿಯಂ ಹಾಕಿರೋ ಗಾಜಿದೆ, ಹಗಲಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟಲ್ಲಿ ನೀಲಿ, ನೋಡೋಕೆ ಚೆಂದ, ಅದನ್ನೂ ಇದೇ ಹೆಸರಲ್ಲಿ ಮಾರ್ತಾರೆ.

ಬಣ್ಣದ ವಿಷ್ಯಕ್ಕೆ ಬಂದ್ರೆ ನಮ್ಮ ಮನೆಗಳೇ ಈಗ ತೊಂದ್ರೆ. ಕ್ರೋಮಿಯಂ ಹಳದಿ ಬೆಳಕನ್ನ ನುಂಗಿ ಎರಡು ಕಿಟಕಿ ಬಿಡತ್ತೆ, ಒಂದು ಹಸಿರು ಒಂದು ಕೆಂಪು, ಎರಡೂ ಹತ್ರ ಹತ್ರ ಸಮ, ಹಗಲ ಬೆಳಕಲ್ಲಿ ನೀಲಿ-ಹಸಿರು ಜಾಸ್ತಿ ಇರೋದ್ರಿಂದ ತಕ್ಕಡಿ ಹಸಿರಿಗೆ ವಾಲತ್ತೆ, ಬಲ್ಬು ಅಥವಾ ದೀಪದ ಬೆಳಕಲ್ಲಿ ಕೆಂಪು ಜಾಸ್ತಿ, ಆಗ ಕೆಂಪಿಗೆ. ಈಗ ಎಲ್ಲರ ಮನೇಲೂ ಬಿಳಿ ಎಲ್‌ಇಡಿ, ಅದ್ರಲ್ಲಿ ಕೆಂಪೇ ಕಮ್ಮಿ, ಕಲ್ಲು ಹಸಿರಾಗೇ ಇರತ್ತೆ ಅಥವಾ ಬೂದಿ ಬಣ್ಣಕ್ಕೆ ತಿರುಗಿ ಸುಮ್ನಾಗತ್ತೆ. ನಾನು ಬೆಂಗಳೂರಿಗೆ ತಂದ್ಮೇಲೆ ದೇವರ ಮನೆ ತುಪ್ಪದ ದೀಪದ ಮುಂದೆ ಹಿಡಿದು ನೋಡಿದೆ, ಗುಂಡುಕಲ್ಲು ಅಂಚಲ್ಲಿ ಕಂದು ಮಿಶ್ರ ನೇರಳೆ-ಕೆಂಪು ಆಯ್ತು, ಮೋಡ ಇರೋ ಮಧ್ಯಾಹ್ನ ಉತ್ತರದ ಕಿಟಕೀಲಿ ನೀಲಿ ಮಿಶ್ರ ಹಸಿರು. ಪೂರ್ತಿ ಪಚ್ಚೆಯಿಂದ ಪೂರ್ತಿ ಮಾಣಿಕ್ಯಕ್ಕೆ ಅಂತೆಲ್ಲ ಬರೀತಾರಲ್ಲ, ಅದು ಲಕ್ಷಕ್ಕೊಂದು ಕಲ್ಲಿಗೆ, ಈ ರೇಟಿನ ರಫಲ್ಲಿ ಅರ್ಧಂಬರ್ಧ ಬದಲಾವಣೆನೇ ಸಹಜ, ಹಾಗೆ ನೋಡಿದ್ರೆ ಬದಲಾವಣೆ ತೀರಾ ಚೊಕ್ಕ ಇದ್ರೇ ನಂಗೆ ಅನುಮಾನ. ಮೊಬೈಲ್ ಕ್ಯಾಮೆರಾನ ನಂಬ್ಲೇಬೇಡಿ, ಆಟೋ ವೈಟ್ ಬ್ಯಾಲೆನ್ಸ್ ಇದ್ರೆ ಅದು ಲೈಟಿನ ಬಣ್ಣಾನೇ ಸರಿ ಮಾಡೋಕೆ ಹೋಗಿ ಬದಲಾವಣೆಯನ್ನ ಅಳಿಸಿ ಹಾಕತ್ತೆ, ಮಾರೋರ ಕೈಯಲ್ಲಿ ಅದೇ ಕ್ಯಾಮೆರಾ ಇಲ್ಲದ ಬದಲಾವಣೆಯನ್ನೂ ತೋರಿಸತ್ತೆ.

ಇನ್ನೊಂದು ಟ್ರಿಕ್ಕು ವಿಡಿಯೋಗಳಲ್ಲಿ ನಡೀತಿದೆ, ಲೈಟ್ ಬದಲಾಯಿಸ್ತೀವಿ ಅಂತ ಹೇಳಿ ಬೆರಳಲ್ಲಿ ಕಲ್ಲನ್ನ ಮೆಲ್ಲಗೆ ತಿರುಗಿಸ್ತಾರೆ. ಅಯೋಲೈಟ್, ಆಂಡಲುಸೈಟ್ ಥರದ ಕಲ್ಲುಗಳು ಒಂದೇ ಲೈಟಲ್ಲಿ ತಿರುಗಿಸಿದ್ರೇ ಬಣ್ಣ ಬೇರೆ ಬೇರೆ ತೋರಿಸ್ತಾವೆ, ಅದು ದಿಕ್ಕಿನ ಬಣ್ಣ, ಬೆಳಕಿನ ಬಣ್ಣ ಅಲ್ಲ. ಅಲೆಕ್ಸಾಂಡ್ರೈಟಿಗೆ ಎರಡೂ ಇದೆ, ಅದೇ ಅದರ ಮಜಾ. ಈ ದಿಕ್ಕಿನ ಬಣ್ಣಗಳನ್ನ ಬೇರೆ ಮಾಡಿ ಪಕ್ಕಪಕ್ಕ ತೋರ್ಸೋ ಡೈಕ್ರೋಸ್ಕೋಪ್ ಅನ್ನೋ ಸಣ್ಣ ಕೊಳವೆಯಲ್ಲಿ ನೋಡಿದ್ರೆ ಎರಡು ಕಿಟಕೀಲಿ ಎರಡು ಬಣ್ಣ, ಕಲ್ಲು ತಿರುಗಿಸಿ ಬೇರೆ ದಿಕ್ಕಲ್ಲಿ ನೋಡಿದ್ರೆ ಮೂರನೇದು, ಒಟ್ಟು ಹಸಿರು, ಕಿತ್ತಳೆ, ನೇರಳೆ-ಕೆಂಪು. ಕುರಂದ ಎಷ್ಟೇ ತಿರುಗಿಸಿದ್ರೂ ಎರಡಕ್ಕಿಂತ ಜಾಸ್ತಿ ಕೊಡಲ್ಲ, ಸ್ಪಿನಲ್ಲು ಗಾಜು ಗಾರ್ನೆಟ್ಟು ಒಂದೇ ಬಣ್ಣ. ಸವೆದ ರಫಲ್ಲಿ ಒಳಗೆ ಏನೂ ಕಾಣಲ್ಲ ಅಂತ ಬಿಟ್ಟ್‌ಬಿಡ್ಬೇಡಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಹಿಂದಿನಿಂದ ಟಾರ್ಚ್ ಹಿಡೀರಿ, ಮಂಜು ಕಿಟಕಿ ಒರೆಸಿದ ಹಾಗೆ ತೆರ್ಕೊಳತ್ತೆ. ನನ್ನ ಗುಂಡುಕಲ್ಲಲ್ಲಿ ಹಸಿರು, ಕಿತ್ತಳೆ ಸಲೀಸಾಗಿ ಸಿಕ್ತು, ನೇರಳೆ ಹುಡುಕೋಕೆ ಸ್ವಲ್ಪ ಒದ್ದಾಡ್ಬೇಕಾಯ್ತು.

ಈ ಅಂಗಡಿ ಕಲ್ಲಿನ ಜೊತೆ ಪಕ್ಕಪಕ್ಕ ಇಟ್ಟು ನೋಡೋಕೆ ಅಂತಾನೇ ಆನ್‌ಲೈನಿಂದ ಒಂದು ತರಿಸಿದ್ದೆ, ಸೈಟ್ ಹೆಸರು ಬೇಡ. ನ್ಯಾಚುರಲ್ ರಫ್ ಅಲೆಕ್ಸಾಂಡ್ರೈಟ್, ಸರ್ಟಿಫಿಕೇಟ್ ಸಮೇತ, ರೇಟ್ ಹೇಳಿದ್ರೆ ನಗ್ತೀರ, ಇಬ್ಬರು ಹೋಟೆಲಲ್ಲಿ ಊಟ ಮಾಡಿದ ಬಿಲ್ಲಿಗಿಂತ ಕಮ್ಮಿ. ಬಂದಿದ್ದು 5.640 ಗ್ರಾಂ ತುಂಡು, ಚೂರೂ ಬಿರುಕಿಲ್ಲ, ಹಗಲಲ್ಲಿ ಬೂದಿ-ನೀಲಿ, ದೀಪದಲ್ಲಿ ಅಮೆಥಿಸ್ಟ್ ನೇರಳೆ, ಹಸಿರು ಅನ್ನೋದು ಯಾವ ಲೈಟಲ್ಲೂ ಇಲ್ಲ. ನೀರಿನ ತೂಕ ಹಾಕಿದೆ, 1.410 ಬಂತು, ಭಾಗಿಸಿದ್ರೆ 4.00, ಮುಗೀತು ಕತೆ. ವನೇಡಿಯಂ ಬೆರೆಸಿ ಫ್ಯಾಕ್ಟರೀಲಿ ಮಾಡೋ ಕುರಂದ, ಪುಡಿಯನ್ನ ಉರಿಯಲ್ಲಿ ಕರಗಿಸಿ ಹನಿ ಹನಿಯಾಗಿ ಬೆಳೆಸ್ತಾರೆ, ಈ ವಸ್ತುನ ಅಲೆಕ್ಸಾಂಡ್ರೈಟ್ ಅಂತ ಮಾರೋ ದಂಧೆ ಹೋದ ಶತಮಾನದಿಂದಲೂ ಇದೆ, ಅಜ್ಜಿಯಂದಿರ ಉಂಗುರಗಳಲ್ಲೂ ಸಿಗೋದು ಬಹಳಷ್ಟು ಇದೇ. ಎಣ್ಣೆ ಸವರಿ ನೋಡಿದ್ರೆ ಒಳಗೆ ಬಾಗಿದ ಗೆರೆಗಳು, ಸಣ್ಣ ಗಾಳಿಗುಳ್ಳೆ ಒಂದೆರಡು, ಭೂಮಿಯಲ್ಲಿ ಬೆಳೆದ ಹರಳಲ್ಲಿ ಬಣ್ಣದ ಗೆರೆ ನೇರ ಇರತ್ತೆ ಇಲ್ಲಾ ಕೋನವಾಗಿ ಮುರಿಯತ್ತೆ, ಹೀಗೆ ಬಳೆ ಥರ ಬಾಗಲ್ಲ. ಹೊರಗಡೆ ಮಾತ್ರ ಡ್ರಮ್ಮಲ್ಲಿ ಉರುಳಿಸಿ ನದಿಕಲ್ಲಿನ ವೇಷ ಹಾಕಿದಾರೆ, ಚೆನ್ನಾಗೇ ಹಾಕಿದಾರೆ. ಸರ್ಟಿಫಿಕೇಟ್ ಅಂದ್ರೆ ಲ್ಯಾಮಿನೇಟ್ ಮಾಡಿದ ಕಾರ್ಡು, ಲ್ಯಾಬಿನ ಅಡ್ರೆಸ್ಸೂ ಇಲ್ಲ, ಸಾಂದ್ರತೆ ಅಂತ ಇರೋ ಜಾಗದಲ್ಲಿ 3.73 ಪ್ರಿಂಟ್ ಆಗಿದೆ, ಯಾರೂ ತೂಗಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಅದಕ್ಕೆ ಒಂದು ಸ್ಟಾರ್, ಅದೂ ಸೊನ್ನೆ ಒತ್ತೋಕೆ ಆಪ್ಷನ್ ಇಲ್ಲ ಅಂತ.

ಗೀರಿ ನೋಡೋದು ಬೇಕಾ ಅಂತ ಕೇಳೋರಿಗೆ, ರಫಲ್ಲಿ ಮೂಲೇಲಿ ಮಾಡ್ಬಹುದು, ಕಟ್ ಕಲ್ಲಿಗೆ ಖಂಡಿತ ಬೇಡ. ಇದರ ಗಡಸುತನ ಹತ್ತರ ಮೋಸ್ ಅಳತೆಯಲ್ಲಿ 8.5, ಪುಷ್ಯರಾಗದ ಹೆಸರಲ್ಲಿ ಮಾರೋ ಟೋಪಾಜ್ 8, ಅದನ್ನ ಗೀರತ್ತೆ, ಕುರಂದ 9, ಅದು ಇದನ್ನ ಗೀರತ್ತೆ. ಗಾಜು ಗೀರಿತು, ಸ್ಫಟಿಕ ಗೀರಿತು ಅಂತ ಖುಷಿ ಪಡೋದ್ರಲ್ಲಿ ಅರ್ಥ ಇಲ್ಲ, ಆ ನಕಲಿ ಕುರಂದ ಇನ್ನೂ ಚೆನ್ನಾಗಿ ಗೀರತ್ತೆ. ಚೆಲ್ಸಿ ಫಿಲ್ಟರ್ ಅಂತ ಒಂದು ಹಸಿರು ಗಾಜು ಕೊಳ್ತಾರೆ ಎಲ್ಲರೂ, ಕ್ರೋಮಿಯಂ ಇದ್ರೆ ಕೆಂಪಾಗಿ ಕಾಣತ್ತೆ, ಆದ್ರೆ ಲ್ಯಾಬಲ್ಲಿ ಬೆಳೆಸಿದ್ದೂ ಕೆಂಪೇ, ಹಂಗಾಗಿ ಈ ಕೆಲಸಕ್ಕೆ ದುಡ್ಡು ದಂಡ. ಅದೇ ದುಡ್ಡಿಗೆ ಬೆಳಕನ್ನ ಕಾಮನಬಿಲ್ಲಿನ ಹಾಗೆ ಬಿಡಿಸಿ ತೋರ್ಸೋ ಸಣ್ಣ ಡಿಫ್ರಾಕ್ಷನ್ ಸ್ಪೆಕ್ಟ್ರೋಸ್ಕೋಪ್ ತಗೊಳ್ಳಿ, ಕಡುಗೆಂಪಲ್ಲಿ 680 ನ್ಯಾನೋಮೀಟರ್ ಹತ್ರ ಒಂದು ಕಪ್ಪು ಗೆರೆ, ಹಳದಿ ಜಾಗ ಪೂರ್ತಿ ಮಾಯ, ಒಳ್ಳೇ ಟಾರ್ಚ್ ಇದ್ರೆ ರಫಲ್ಲೂ ಸಿಗತ್ತೆ.

ಇಷ್ಟೆಲ್ಲ ಮಾಡಿದ್ರೂ ಒಂದು ಗೋಡೆ ಉಳಿಯತ್ತೆ, ಲ್ಯಾಬಲ್ಲಿ ಬೆಳೆಸಿದ ನಿಜವಾದ ಅಲೆಕ್ಸಾಂಡ್ರೈಟ್. ಅದು ನಕಲಿ ವಸ್ತು ಅಲ್ಲ, ಅದೇ ಬೆರಿಲಿಯಂ ಅದೇ ಕ್ರೋಮಿಯಂ, ಸಾಂದ್ರತೆ 3.73ರ ಹತ್ರಾನೇ, ಡೈಕ್ರೋಸ್ಕೋಪಲ್ಲಿ ಮೂರೂ ಬಣ್ಣ. 1970ರ ದಶಕದಿಂದ ಮಾರ್ಕೆಟ್ಟಲ್ಲಿದೆ. ಸ್ಕಿನ್ ಕ್ಲಿನಿಕ್ಕುಗಳಲ್ಲಿ ಕೂದಲು ತೆಗೆಯೋಕೆ ಬಳಸೋ 755 ನ್ಯಾನೋಮೀಟರ್ ಲೇಸರ್ ಇದೆಯಲ್ಲ, ಅದರೊಳಗಿನ ಕಡ್ಡಿ ಇದೇ ಬೆಳೆಸಿದ ಅಲೆಕ್ಸಾಂಡ್ರೈಟು, ಝಾರ್ ಹೆಸರು ಹೊತ್ತ ಕಲ್ಲು ಈಗ ಜಯನಗರದಲ್ಲಿ ಮೀಸೆ ತೆಗೀತಿದೆ. ರಫಲ್ಲಿ ಇದನ್ನ ಹಿಡಿಯೋ ದಾರಿ ಏನಂದ್ರೆ, ಕರಗಿದ ದ್ರವದಿಂದ ಮೇಲಕ್ಕೆ ಎಳೆದು ಬೆಳೆಸಿದ ಕಡ್ಡಿಯ ತುಂಡಿಗೆ ಹರಳಿನ ಸಹಜ ಮುಖ ಇರಲ್ಲ, ಗರಗಸದ ಗುರ್ತು ಇರತ್ತೆ ಇಲ್ಲಾ ಒಡೆದ ಗಾಜಿನ ಥರ ಇರತ್ತೆ, ಮೈಕಾ ಅಂಟಿರಲ್ಲ, ಒಳಗೆ ಅತಿ ಕ್ಲೀನು. 365 ನ್ಯಾನೋಮೀಟರ್ ಯುವಿ (ಅಲ್ಟ್ರಾವಯೊಲೆಟ್) ಟಾರ್ಚ್ ಹಾಕಿದ್ರೆ ಬೆಳೆಸಿದ್ದು ಸಾಮಾನ್ಯವಾಗಿ ಜೋರಾಗಿ ಕೆಂಪು ಹೊಳೆಯತ್ತೆ, ಭೂಮಿಯದ್ದರಲ್ಲಿ ಕಬ್ಬಿಣ ಇರೋದ್ರಿಂದ ಮಂಕು ಕೆಂಪು ಅಥವಾ ಏನೂ ಇಲ್ಲ. ನನ್ನೆರಡರಲ್ಲಿ ಟ್ರಿಲಿಂಗಿಗೆ ಈ ಚಿಂತೆನೇ ಇಲ್ಲ, ಕಚ್ಚು, ಗೆರೆ, ಮೈಕಾ ಎಲ್ಲ ಒಟ್ಟಿಗೆ ಯಾರೂ ತಯಾರು ಮಾಡಲ್ಲ, ಮಾಡಿದ್ರೆ ಈ ರೇಟಿಗೆ ಗಿಟ್ಟಲ್ಲ. ಗುಂಡುಕಲ್ಲು ಯುವಿಯಲ್ಲಿ ಮಂಕಾಗೇ ಇತ್ತು, ಆದ್ರೂ ಅಲ್ಲಿಗೆ ನಿಲ್ಲಿಸದೆ ಜೈಪುರದಲ್ಲೇ ಒಂದು ಲ್ಯಾಬಿಗೆ ಕೊಟ್ಟು ಬಂದಿದ್ದೆ, ರಿಪೋರ್ಟ್ ಕೊರಿಯರಲ್ಲಿ ಬಂತು, ನ್ಯಾಚುರಲ್ ಅಲೆಕ್ಸಾಂಡ್ರೈಟ್, ಊರಿನ ಬಗ್ಗೆ ಏನೂ ಬರೆದಿಲ್ಲ, ನಾನು ಕೇಳಿರಲೂ ಇಲ್ಲ. ಲ್ಯಾಬಿಗೆ ಕೊಡ್ತೀನಿ ಅಂದಾಗ ಅಂಗಡಿಯೋರು ಕೊಡಿ ಸಾರ್, ಬೇರೆ ಬಂದ್ರೆ ಕಲ್ಲು ವಾಪಸ್ ತನ್ನಿ ಅಂತ ಬಿಲ್ ಹಿಂದೇನೇ ಹಿಂದೀಲಿ ಬರೆದು ಸಹಿ ಹಾಕಿದ್ರು.

ಪ್ಯಾಕಿಂಗ್ ಮಾತ್ರ ಅನ್ಯಾಯ. ಎರಡು ಕಲ್ಲು, ಫ್ರೀ ಚೂರು, ಮೂರನ್ನೂ ಒಂದೇ ಕಾಗದದ ಪೊಟ್ಟಣಕ್ಕೆ ಹಾಕಿ ಮಡಚಿ ಕೊಟ್ಟಿದಾರೆ, 8.5 ಗಡಸು ಇರೋ ಮೂರು ಕಲ್ಲು ಬ್ಯಾಗಲ್ಲಿ ಒಂದಕ್ಕೊಂದು ಉಜ್ಜಿ ಟ್ರಿಲಿಂಗ್ ಸಂದಿಯ ಮೈಕಾ ಅರ್ಧ ಪುಡಿಯಾಗಿ ಪೊಟ್ಟಣದಲ್ಲಿ ಮಿಂಚ್ತಾ ಬಿದ್ದಿತ್ತು. ನೀವು ಹೋಗೋದಾದ್ರೆ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಸ್ವಲ್ಪ ಹತ್ತಿ ನೀವೇ ತಗೊಂಡೋಗಿ. ರಫಿಗೆ ಜಿಎಸ್‌ಟಿ 0.25 ಪರ್ಸೆಂಟ್ ಅಷ್ಟೇ, ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ ಅನ್ನೋರ ಮಾತು ಕೇಳ್ಬೇಡಿ, ಉಳಿಯೋದು ಏನೂ ಇಲ್ಲ, ವಾಪಸ್ ಕೊಡೋಕೆ ಹೋದಾಗ ಕೈಯಲ್ಲಿ ಕಾಗದ ಇರಲ್ಲ. ಚೌಕಾಸಿ ನಡೆಯತ್ತೆ, ಮೊದಲು ಹೇಳಿದ ರೇಟಿಗೆ ಯಾರೂ ಕೊಳ್ಳಲ್ಲ ಅಂತ ಅವರಿಗೂ ಗೊತ್ತು. ಬೆಳಗ್ಗೆ ಹನ್ನೊಂದು ಹನ್ನೆರಡರ ಹೊತ್ತಿಗೆ ಹೋಗಿ, ಸಂಜೆ ಆದ್ರೆ ಆ ಗಲ್ಲಿಗೆ ಬರೋ ಬೆಳಕೇ ಹಳದಿ, ಹಸಿರು ಕಲ್ಲು ಅಂತ ಯಾವ್ದನ್ನೂ ಆರಿಸೋಕಾಗಲ್ಲ.